ಕಾಣದ ನೀರಿನ ಲೆಕ್ಕ

ಬಯಲುಸೀಮೆಯ ಕೋಲಾರ, ತುಮಕೂರು ಪ್ರಾಂತಗಳಲ್ಲಿ ಕೆರೆಯೇ ಊರಿನ ಜೀವಾಳವಾಗಿದ್ದ ಕಾಲದಲ್ಲಿ, ಮಳೆಗಾಲ ಕಳೆದ ಮೇಲೆ ಏರಿಯ ಮೇಲೆ ನಿಂತು ಒಮ್ಮೆ ಕಣ್ಣು ಹಾಯಿಸಿದವನಿಗೆ, ಆ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಗದ್ದೆಗೆ ನೀರು ದಕ್ಕೀತು, ಭತ್ತವನ್ನು ನೆಡುವುದೋ ರಾಗಿಯಲ್ಲಿಯೇ ತೃಪ್ತಿಪಡುವುದೋ ಎಂಬ ಪ್ರಶ್ನೆಗೆ ಉತ್ತರವು ಅಲ್ಲಿಯೇ ದೊರೆಯುತ್ತಿತ್ತು. ತೂಬನ್ನು ಎತ್ತಿ ಇಳಿಸುತ್ತಿದ್ದ ನೀರುಗಂಟಿಯ ಮಾತಿಗೆ ಊರಿನವರು ತಲೆಬಾಗುತ್ತಿದ್ದುದಕ್ಕೆ ಅವನ ಪರಂಪರಾಗತ ಅಧಿಕಾರಕ್ಕಿಂತಲೂ, ಅವನು ಹಂಚುತ್ತಿದ್ದ ನೀರು ಎಲ್ಲರ ಕಣ್ಣೆದುರಿಗೆ ಇತ್ತೆಂಬುದೇ ಹೆಚ್ಚಿನ ಕಾರಣವೆಂದು ನನಗೆ ತೋರುತ್ತದೆ. ಆ ಏರ್ಪಾಡಿನಲ್ಲಿ ಜಾತಿಯ ಮೇಲುಕೀಳಾಗಲಿ, ಕಾಲುವೆಯ ಕೊನೆಯ ಗದ್ದೆಯವನಿಗಾಗುತ್ತಿದ್ದ ಅನ್ಯಾಯವಾಗಲಿ ಇರಲಿಲ್ಲವೆಂದು ಹೇಳುವಂತಿಲ್ಲ. ಆದರೆ ಇರುವ ನೀರೆಷ್ಟು ಎಂಬ ಒಂದು ವಿಷಯದಲ್ಲಿ ಮಾತ್ರ ವಿವಾದಕ್ಕೆ ಎಡೆಯಿರಲಿಲ್ಲ.

ಕೊಳವೆಬಾವಿಯು ಬಂದಾಗ ಬದಲಾದದ್ದು ನೀರೆತ್ತುವ ವಿಧಾನವೊಂದೇ ಅಲ್ಲ. ನೀರು ಕಣ್ಮರೆಯಾಯಿತು, ಅದರೊಡನೆ ನೀರನ್ನು ಕುರಿತು ಊರು ಕೂಡಿ ಆಡುತ್ತಿದ್ದ ಮಾತೂ ಕಣ್ಮರೆಯಾಯಿತು. ತನ್ನ ನೆಲದ ಕೆಳಗಿರುವ ನೀರನ್ನು ಎತ್ತಿಕೊಳ್ಳಲು ಭೂಮಿಯ ಒಡೆಯನಿಗೆ ಹಕ್ಕುಂಟೆಂಬ ಭಾವನೆಗೆ 1882ರ ಅನುಭೋಗ ಹಕ್ಕುಗಳ ಕಾಯಿದೆಯು ಮುದ್ರೆಯೊತ್ತಿದ್ದಿತಾದರೂ, ಕಪಿಲೆಯಿಂದ ನೀರೆತ್ತುತ್ತಿದ್ದ ದಿನಗಳಲ್ಲಿ ಆ ಹಕ್ಕಿಗೆ ಎತ್ತುಗಳ ಬಲವೇ ಒಂದು ಮಿತಿಯಾಗಿದ್ದಿತು. ವಿದ್ಯುತ್ ಪಂಪು ಆ ಮಿತಿಯನ್ನು ತೆಗೆದುಹಾಕಿತು. ಇಂದು ಭಾರತವು ವರ್ಷಕ್ಕೆ ಸುಮಾರು 24,000 ಕೋಟಿ ಘನ ಮೀಟರಿನಷ್ಟು ಅಂತರ್ಜಲವನ್ನು ಮೇಲೆತ್ತುತ್ತಿದೆ. ಲೋಕದಲ್ಲಿ ಬೇರಾವ ದೇಶವೂ ಇಷ್ಟು ಎತ್ತುವುದಿಲ್ಲ. ಈ ಮಹಾಪ್ರಮಾಣದ ನೀರು ಒಂದು ದೊಡ್ಡ ಅಣೆಕಟ್ಟಿನ ಒಂದು ಬಾಗಿಲಿನಿಂದ ಹರಿಯುವಂಥದಲ್ಲ. ಕೋಟಿ ಸಂಖ್ಯೆಯ ಬಾವಿಗಳಲ್ಲಿ, ಒಬ್ಬೊಬ್ಬ ರೈತನೂ ತನ್ನ ಗುಂಡಿಯನ್ನು ತಾನೇ ಒತ್ತಿ ತೆಗೆಯುವಂಥದು. ಊರಿಗೆಲ್ಲ ಒಂದೇ ಹಗೇವು ಇದ್ದು, ಪ್ರತಿಯೊಂದು ಮನೆಯವರೂ ತಮ್ಮ ತಮ್ಮ ನಡುಮನೆಯಿಂದ ಅದಕ್ಕೊಂದು ರಂಧ್ರವನ್ನು ಕೊರೆದುಕೊಂಡು ಕಾಳನ್ನು ತೋಡಿಕೊಳ್ಳುತ್ತಿದ್ದರೆ, ಉಳಿದಿರುವ ದವಸವೆಷ್ಟೆಂಬುದನ್ನು ಯಾರು ತಾನೆ ಹೇಳಬಲ್ಲರು?

ಈ ಅಧ್ಯಾಯದಲ್ಲಿ ನಾನು ವಿವರಿಸಬೇಕೆಂದಿರುವುದು, ಆ ಕಾಣದ ದಾಸ್ತಾನನ್ನು ಮತ್ತೆ ಊರಿನ ಕಣ್ಣಿಗೆ ಬೀಳಿಸುವುದಕ್ಕಾಗಿ ನಮ್ಮ ಕಾಲದ ಅಂಕೀಯ ಸಾಧನಗಳು, ಎಂದರೆ ಮೊಬೈಲು, ಆ್ಯಪು, ಉಪಗ್ರಹದ ನಕ್ಷೆ, ಬಾವಿಯೊಳಗೆ ಇಳಿಬಿಟ್ಟ ಸಂವೇದಕ ಇವೇ ಮೊದಲಾದುವು, ಹೇಗೆ ಬಳಕೆಗೆ ಬಂದಿವೆ, ಮತ್ತು ಯಾವ ಸನ್ನಿವೇಶದಲ್ಲಿ ಅವು ನಿಜವಾದ ಕಲಿಕೆಗೆ ಕಾರಣವಾಗುತ್ತವೆ ಎಂಬುದನ್ನು.

ಮೊದಲು ನೆಲದ ಸ್ವಭಾವವನ್ನು ತಿಳಿಯಬೇಕು. ಕೋಲಾರದಿಂದ ಅನಂತಪುರದವರೆಗೆ ಹಬ್ಬಿರುವ ಭೂಭಾಗದ ತಳದಲ್ಲಿರುವುದು ಬಹುಪಾಲು ಗ್ರಾನೈಟು ಮತ್ತು ನೈಸ್ ಜಾತಿಯ ಗಡುಸಾದ ಶಿಲೆ. ಗಂಗಾ ಬಯಲಿನ ಮೆಕ್ಕಲು ಮರಳಿನಂತೆ ಈ ಬಂಡೆಯು ತನ್ನ ಒಡಲಿನಲ್ಲಿ ನೀರನ್ನು ಹಿಡಿದಿಡಲಾರದು. ನೀರು ನಿಲ್ಲುವುದು ಮೇಲ್ಭಾಗದಲ್ಲಿ ಶಿಥಿಲವಾಗಿ ಪುಡಿಯಾದ ಪದರದಲ್ಲಿ ಹಾಗೂ ಅದರ ಕೆಳಗಣ ಬಂಡೆಯ ಬಿರುಕುಗಳಲ್ಲಿ ಮಾತ್ರ. ನೀರಿನಿಂದ ತುಂಬಿದ ಇಂಥ ಶಿಥಿಲ ಪದರದ ನೂರು ಘನ ಅಡಿಯಿಂದ ಬಸಿದು ಬರುವ ನೀರು ಎರಡು ಮೂರು ಘನ ಅಡಿಗಿಂತ ಹೆಚ್ಚಲ್ಲ. ಬಿರುಕುಗಳೋ ಒಂದು ಹೊಲದಲ್ಲಿದ್ದು ಪಕ್ಕದ ಹೊಲದಲ್ಲಿ ಇಲ್ಲದಿರಬಹುದು. ಒಂದೇ ಬಿರುಕು ಮೂರು ಮಂದಿಯ ಬಾವಿಗಳನ್ನು ಅವರಿಗೆ ಅರಿವಿಲ್ಲದೆಯೇ ಬೆಸೆದಿರಲೂಬಹುದು. ಆದುದರಿಂದ ಒಬ್ಬ ರೈತನು ತನ್ನ ಒಂದು ಬಾವಿಯನ್ನು ಎಷ್ಟೇ ಸೂಕ್ಷ್ಮವಾಗಿ ಗಮನಿಸಿದರೂ ಊರಿನ ನೀರಿನ ಸ್ಥಿತಿಯನ್ನು ಅರಿಯಲಾರನು. ನೂರು ಬಾವಿಗಳ ಮಟ್ಟವನ್ನು ಒಂದೇ ದಿನ ಅಳೆದು ಒಂದೇ ಕಡೆ ಬರೆದಿಟ್ಟಾಗ ಮಾತ್ರ ಆ ಚಿತ್ರವು ಮೂಡುತ್ತದೆ. ಇಲ್ಲಿ ಕೂಡಿ ಕಲಿಯುವುದು ಒಂದು ಆದರ್ಶವಲ್ಲ, ವಿಜ್ಞಾನವೇ ವಿಧಿಸುವ ಅಗತ್ಯ.

ಲೆಕ್ಕವನ್ನೇ ಒಮ್ಮೆ ಮಾಡಿ ನೋಡೋಣ. ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆ ಬೀಳುವ ಅನಂತಪುರದಂಥ ಸೀಮೆಯಲ್ಲಿ 100 ಹೆಕ್ಟೇರಿನ, ಎಂದರೆ ಸುಮಾರು 250 ಎಕರೆಯ ಒಂದು ಸಣ್ಣ ಜಲಾನಯನವನ್ನು ತೆಗೆದುಕೊಳ್ಳಿ. ಜೇಡಿಯಂಶ ಕಡಿಮೆಯಿರುವ ಶಿಥಿಲ ಗ್ರಾನೈಟಿನ ನೆಲದಲ್ಲಿ ಮಳೆಯ ನೂರರಲ್ಲಿ ಹನ್ನೊಂದು ಪಾಲು ಇಂಗುತ್ತದೆಂದು ನಮ್ಮ ಅಂತರ್ಜಲ ಶಾಸ್ತ್ರಜ್ಞರು ಲೆಕ್ಕಕ್ಕೆ ಹಿಡಿಯುತ್ತಾರೆ. ಆ ಪ್ರಕಾರ ಇಂಗಿದ್ದು 60 ಮಿಲಿಮೀಟರು. ನೂರು ಹೆಕ್ಟೇರಿನ ಮೇಲೆ ಇದು ಆರು ಕೋಟಿ ಲೀಟರಾಗುತ್ತದೆ. ಶಿಲೆಯಲ್ಲಿ ನೀರಿಗೆ ಇರುವ ಅವಕಾಶ ನೂರಕ್ಕೆ ಎರಡೇ ಆದುದರಿಂದ, ಈ ಅರವತ್ತು ಮಿಲಿಮೀಟರು ಬಾವಿಗಳಲ್ಲಿ ಮೂರು ಮೀಟರಿನ ಏರಿಕೆಯಾಗಿ ಕಾಣುತ್ತದೆ. ಬಾವಿಯಲ್ಲಿ ಆಳೆರಡು ನೀರು ಏರಿತೆಂದು ಊರು ಸಂಭ್ರಮಿಸುತ್ತದೆ. ಇನ್ನು ವೆಚ್ಚದ ಕಡೆಗೆ ಬಂದರೆ, ಒಂದು ಬೆಳೆ ಭತ್ತಕ್ಕೆ 1,200 ಮಿಲಿಮೀಟರು ಬೇಕೆಂದು ಇಟ್ಟುಕೊಂಡಾಗ ಆರು ಕೋಟಿ ಲೀಟರು ನೀರು ಐದು ಹೆಕ್ಟೇರಿಗೆ, ಎಂದರೆ ಹನ್ನೆರಡೂವರೆ ಎಕರೆಗೆ ಮುಗಿದುಹೋಗುತ್ತದೆ. 500 ಮಿಲಿಮೀಟರಿನಲ್ಲಿ ತೃಪ್ತವಾಗುವ ಕಡಲೆಕಾಯಿಯಾದರೆ ಮೂವತ್ತು ಎಕರೆಯಾಗುತ್ತದೆ. ಇನ್ನೂರೈವತ್ತು ಎಕರೆ ನೆಲವು ವರ್ಷವಿಡೀ ಕುಡಿದ ನೀರು ಹನ್ನೆರಡು ಎಕರೆ ಭತ್ತಕ್ಕೆ ಸಾಕಾಗುತ್ತದೆ ಎಂಬ ಈ ಒಂದು ವಾಕ್ಯವನ್ನು ಸರಿಯಾಗಿ ಗ್ರಹಿಸಿದ ಊರು, ಮುಂದಿನ ಬೇಸಗೆಯಲ್ಲಿ ಹೊಸ ಬೋರು ಕೊರೆಸುವುದಕ್ಕೆ ಮುಂಚೆ ಒಂದು ಗಳಿಗೆ ಯೋಚಿಸದೆ ಇರಲಾರದು.

ಈ ಲೆಕ್ಕವನ್ನು ರೈತರ ಕೈಗೇ ಕೊಟ್ಟ ಮಹಾಪ್ರಯತ್ನವೊಂದು ನಮ್ಮ ನೆರೆಯ, ಅಂದಿನ ಅವಿಭಜಿತ ಆಂಧ್ರದಲ್ಲಿ ನಡೆಯಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಅನಂತಪುರ, ಚಿತ್ತೂರು, ಕಡಪ, ಕರ್ನೂಲು, ಮೆಹಬೂಬ್‌ನಗರ, ನಲ್ಗೊಂಡ, ಪ್ರಕಾಶಂ ಎಂಬ ಏಳು ಬರಪೀಡಿತ ಜಿಲ್ಲೆಗಳ ಆರುನೂರಕ್ಕೂ ಮಿಕ್ಕ ಗ್ರಾಮಗಳಲ್ಲಿ, ನೆದರ್‌ಲೆಂಡ್ಸ್ ಸರಕಾರದ ಹಾಗೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ನಡೆದ ರೈತನಿರ್ವಹಿತ ಅಂತರ್ಜಲ ಯೋಜನೆಯದು. ಅಲ್ಲಿ ಸಹಾಯಧನದ ಆಮಿಷವೂ ಇರಲಿಲ್ಲ, ನಿಷೇಧದ ಬೆದರಿಕೆಯೂ ಇರಲಿಲ್ಲ. ಮಾಡಿದ್ದು ಇಷ್ಟು: ಊರಿನ ಗಂಡಸರಿಗೂ ಹೆಂಗಸರಿಗೂ ಮಳೆಮಾಪಕವನ್ನು ಓದಲು, ಹದಿನೈದು ದಿನಗಳಿಗೊಮ್ಮೆ ಆಯ್ದ ಬಾವಿಗಳ ನೀರಿನ ಮಟ್ಟವನ್ನು ಅಳೆಯಲು, ಪಂಪಿನ ಹರಿವನ್ನು ಕಂಡುಹಿಡಿಯಲು ಕಲಿಸಿದರು. ಮಟ್ಟವನ್ನು ಅಳೆಯುವ ಉಪಕರಣವೆಂದರೆ ಅಳತೆಪಟ್ಟಿಯ ತುದಿಗೆ ಕಟ್ಟಿದ ಎರಡು ವಿದ್ಯುದಗ್ರಗಳಷ್ಟೆ. ಅವು ನೀರನ್ನು ಮುಟ್ಟಿದೊಡನೆ ವಿದ್ಯುನ್ಮಂಡಲವು ಪೂರ್ಣವಾಗಿ ಮೇಲೆ ದೀಪ ಹೊತ್ತುತ್ತದೆ ಅಥವಾ ಸದ್ದಾಗುತ್ತದೆ. ಹರಿವನ್ನು ಅಳೆಯಲು ಇನ್ನೂರು ಲೀಟರಿನ ಡ್ರಮ್ಮು ಮತ್ತು ಒಂದು ಗಡಿಯಾರ ಸಾಕು. ಡ್ರಮ್ಮು ಎಂಬತ್ತು ಸೆಕೆಂಡಿನಲ್ಲಿ ತುಂಬಿದರೆ ಆ ಪಂಪು ಗಂಟೆಗೆ ಒಂಬತ್ತು ಸಾವಿರ ಲೀಟರು ಎತ್ತುತ್ತಿದೆ ಎಂದರ್ಥ. ದಿನಕ್ಕೆ ಆರು ಗಂಟೆ ನಡೆದರೆ ಐವತ್ತನಾಲ್ಕು ಸಾವಿರ. ತನ್ನ ಬೋರಿನಿಂದ ಎರಡಿಂಚು ನೀರು ಬೀಳುತ್ತದೆಂದು ಹೇಳಿ ಅಭ್ಯಾಸವಾದ ರೈತನಿಗೆ, ಆ ಎರಡಿಂಚು ದಿನವೊಂದಕ್ಕೆ ಇಷ್ಟು ಸಾವಿರ ಲೀಟರೆಂದು ತಾನೇ ಎಣಿಸಿ ತಿಳಿಯುವುದು ಒಂದು ಹೊಸ ಅನುಭವವೇ ಸರಿ.

ಹೀಗೆ ಸಂಗ್ರಹಿಸಿದ ಅಂಕಿಗಳನ್ನು ಊರಿನ ನಡುವಿನ ಫಲಕದ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದರು. ಮುಂಗಾರು ಮುಗಿದ ಮೇಲೆ ಒಂದು ಹಳ್ಳದ ಜಲಾನಯನಕ್ಕೆ ಸೇರಿದ ಊರುಗಳವರೆಲ್ಲ ಸಭೆ ಸೇರಿ, ಇಂಗಿದ್ದೆಷ್ಟು, ಉಳಿದಿರುವುದೆಷ್ಟು, ಹಿಂಗಾರಿಗೆ ಯಾರು ಯಾರು ಏನೇನು ಬೆಳೆಯಬೇಕೆಂದಿದ್ದಾರೆ, ಅದಕ್ಕೆ ಬೇಕಾಗುವ ನೀರೆಷ್ಟು ಎಂಬುದನ್ನು ಕೂಡಿ ಕಳೆದು ನೋಡುತ್ತಿದ್ದರು. ಇದಕ್ಕೆ ಬೆಳೆ-ನೀರು ಮುಂಗಡಪತ್ರವೆಂದು ಹೆಸರು. ಅಲ್ಲಿ ಯಾರಿಗೂ ಏನನ್ನೂ ಆಜ್ಞಾಪಿಸುವಂತಿರಲಿಲ್ಲ. ಕೊರತೆಯ ಅಂಕಿಯನ್ನು ಓದಿ ಹೇಳಿದ ಮೇಲೆ ಪ್ರತಿಯೊಬ್ಬನೂ ತನ್ನ ಹೊಲದ ತೀರ್ಮಾನವನ್ನು ತಾನೇ ಕೈಗೊಳ್ಳುತ್ತಿದ್ದನು. ಫಲವನ್ನು ಪರಿಶೀಲಿಸಿ ವಿಶ್ವಬ್ಯಾಂಕು 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೂರು ವರ್ಷಗಳಲ್ಲಿ ನೂರಕ್ಕೆ 42ರಷ್ಟು ಜಲಾನಯನ ಘಟಕಗಳಲ್ಲಿ ಹಿಂಗಾರಿನ ನೀರೆತ್ತುವಿಕೆಯು ಎಡೆಬಿಡದೆ ತಗ್ಗಿತು, 51ರಷ್ಟರಲ್ಲಿ ಆಗೀಗ ತಗ್ಗಿತು, ಉಳಿದ 7ರಷ್ಟರಲ್ಲಿ ಹೆಚ್ಚಿತು. ಯೋಜನೆಯು ಮುಗಿದ ಮೇಲೆ ಆ ಊರುಗಳಿಗೆ ಹೋಗಿ ನೋಡಿದವರಲ್ಲಿ ಇದರ ಶಾಶ್ವತತೆಯನ್ನು ಕುರಿತು ಏಕಾಭಿಪ್ರಾಯವಿಲ್ಲ. ನನ್ನ ಮಟ್ಟಿಗಾದರೋ, ಶಾಸನದ ದಂಡವಿಲ್ಲದೆ ಕೇವಲ ಅರಿವಿನಿಂದ ಇಷ್ಟು ಸಾಧ್ಯವಾಯಿತೆಂಬುದೇ ವಿಸ್ಮಯಕರವಾದ ಸಂಗತಿ.

ಅಳತೆಪಟ್ಟಿ ಮತ್ತು ಗೋಡೆಯ ಫಲಕಗಳ ಈ ಪದ್ಧತಿಗೆ ಮೊಬೈಲು ಸೇರಿಕೊಂಡದ್ದು ಹೇಗೆಂಬುದನ್ನು ರಾಜಸ್ಥಾನದ ಉದಯಪುರ ಜಿಲ್ಲೆಯ ಧರ್ತಾ ಮತ್ತು ಗುಜರಾತಿನ ಅರವಳ್ಳಿ ಜಿಲ್ಲೆಯ ಮೇಘರಜ್ ಜಲಾನಯನಗಳಲ್ಲಿ ಕಾಣಬಹುದು. ಆಸ್ಟ್ರೇಲಿಯದ ವೆಸ್ಟರ್ನ್ ಸಿಡ್ನಿ ವಿಶ್ವವಿದ್ಯಾಲಯದ ಬಸಂತ್ ಮಹೇಶ್ವರಿ ಅವರ ಮುಂದಾಳುತನದಲ್ಲಿ ನಡೆದ ‘ಮಾರ್ವಿ’ ಯೋಜನೆಯಲ್ಲಿ, ಊರಿನವರನ್ನೇ ಆರಿಸಿ ‘ಭೂಜಲ್ ಜಾನ್‌ಕಾರ್’, ಎಂದರೆ ಅಂತರ್ಜಲವನ್ನು ಬಲ್ಲವರು, ಎಂಬ ಹೆಸರಿನಿಂದ ತರಬೇತುಗೊಳಿಸಲಾಯಿತು. ಅವರು ಸುಮಾರು 360 ತೆರೆದ ಬಾವಿಗಳ ಮಟ್ಟವನ್ನು ವಾರವಾರವೂ ಅಳೆದು ದಾಖಲಿಸಿದರು. ಇದಕ್ಕಾಗಿ ರೂಪಿಸಿದ ‘ಮೈವೆಲ್’ ಎಂಬ ಆ್ಯಪಿನಲ್ಲಿ ಪ್ರತಿಯೊಂದು ಬಾವಿಗೂ ಒಂದು ಸಂಖ್ಯೆಯಿದ್ದು, ಅಂತರ್ಜಾಲದ ಸೌಕರ್ಯವಿಲ್ಲದವರು ಸಾಧಾರಣ ಫೋನಿನಿಂದ ಸಂದೇಶವನ್ನು ಕಳುಹಿಸಿಯೂ ಅಳತೆಯನ್ನು ಸೇರಿಸಬಹುದಾಗಿತ್ತು. ತನ್ನ ಬಾವಿಯ ಮಟ್ಟವನ್ನು ಊರಿನ ಸರಾಸರಿಯೊಡನೆ ಹೋಲಿಸಿ ನೋಡುವ ಅನುಕೂಲವೇ ಇದರ ಹಿರಿಮೆ. ನನ್ನ ಬಾವಿಯೊಂದೇ ಬತ್ತುತ್ತಿದೆಯೋ ಎಲ್ಲರದೂ ಬತ್ತುತ್ತಿದೆಯೋ ಎಂಬ ಪ್ರಶ್ನೆಗೆ ಹಿಂದೆ ಊಹೆಯೇ ಉತ್ತರವಾಗಿತ್ತು. ತನ್ನದೊಂದೇ ಬತ್ತಿದೆಯೆಂದು ನಂಬಿದವನು ಜಲಶೋಧಕನನ್ನು ಕರೆಸಿ ತೆಂಗಿನಕಾಯಿ ಹಿಡಿಸಿ ಇನ್ನೊಂದು ಕಡೆ ಕೊರೆಸುತ್ತಾನೆ. ಎಲ್ಲರದೂ ಒಂದೇ ಸಮನೆ ಇಳಿಯುತ್ತಿದೆಯೆಂದು ಕಂಡವನು ನೆರೆಯವನೊಡನೆ ಮಾತಿಗೆ ಕೂರುತ್ತಾನೆ.

ಧರ್ತಾದ ರೈತರು ಮಾಡಿದ ಇನ್ನೊಂದು ಕೆಲಸವಂತೂ ನನಗೆ ಅತ್ಯಂತ ಪ್ರಿಯವಾದುದು. ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಚೆಕ್‌ಡ್ಯಾಮುಗಳಿಂದ ಎಷ್ಟು ನೀರು ಇಂಗುತ್ತದೆ ಎಂಬುದು ಇಂಜಿನಿಯರರಲ್ಲಿಯೂ ಚರ್ಚೆಗೆ ಒಳಗಾದ ವಿಷಯ. ರೈತರು ಅಂಥ ನಾಲ್ಕು ಒಡ್ಡುಗಳಲ್ಲಿ ಅಳತೆಯ ಹಲಗೆಯನ್ನು ನಿಲ್ಲಿಸಿ ನಿತ್ಯವೂ ನೀರಿನ ಮಟ್ಟವನ್ನು ಓದಿ ಬರೆದಿಟ್ಟರು. ಮಳೆಯಿಲ್ಲದ, ಒಳಹರಿವೂ ಹೊರಹರಿವೂ ನಿಂತ ದಿನಗಳಲ್ಲಿ ಮಟ್ಟವು ಇಳಿಯುವುದಕ್ಕೆ ಕಾರಣಗಳು ಎರಡೇ: ಬಿಸಿಲಿಗೆ ಆರುವುದು, ನೆಲಕ್ಕೆ ಇಂಗುವುದು. ಆರಿದ್ದನ್ನು ಹವಾಮಾನದ ಅಂಕಿಗಳಿಂದ ತಿಳಿದು ಕಳೆದರೆ ಉಳಿದದ್ದೆಲ್ಲ ಇಂಗಿದ ನೀರು. ಇದಕ್ಕಿಂತ ಸರಳವಾದ, ಇದಕ್ಕಿಂತ ಪ್ರಾಮಾಣಿಕವಾದ ಪ್ರಯೋಗವನ್ನು ಕಲ್ಪಿಸುವುದು ಕಷ್ಟ. ದಿನಕ್ಕೆ ಒಂದು ಸಲ ಒಡ್ಡಿನವರೆಗೆ ನಡೆದುಹೋಗುವ ಶ್ರದ್ಧೆಯುಳ್ಳವನಿಂದ ವಿಜ್ಞಾನಿಗಳ ಲೇಖನಕ್ಕೆ ಆಧಾರವಾಗಬಲ್ಲ ದತ್ತಾಂಶವು ದೊರೆಯಿತು. ಹೂಳಿನಿಂದ ಇಂಗುವಿಕೆಯು ಕುಂದುವುದೆಂಬುದು ಕೂಡ ಇಂಥ ಅಳತೆಯಿಂದ ತಾನೇ ತಾನಾಗಿ ಕಾಣುವುದಾದುದರಿಂದ, ಹೂಳೆತ್ತುವ ಕೆಲಸಕ್ಕೆ ಯಾರೂ ಉಪದೇಶ ಮಾಡಬೇಕಾಗುವುದಿಲ್ಲ.

ಮನುಷ್ಯನ ಕೈಗೆ ಎಟುಕದ ಸೂಕ್ಷ್ಮವನ್ನು ಯಂತ್ರವು ಕಾಣಬಲ್ಲದೆಂಬುದೂ ನಿಜವೇ. ಕೊಳವೆಬಾವಿಯೊಳಗೆ ಇಳಿಬಿಡುವ ಒತ್ತಡದ ಸಂವೇದಕವು ತನ್ನ ಮೇಲೆ ನಿಂತ ನೀರಿನ ಭಾರದಿಂದ ಮಟ್ಟವನ್ನು ಅರಿಯುತ್ತದೆ. ಹತ್ತು ಮೀಟರು ನೀರಿನ ಒತ್ತಡವು ಹೆಚ್ಚುಕಡಿಮೆ ನಮ್ಮ ತಲೆಯ ಮೇಲಿರುವ ಇಡೀ ವಾಯುಮಂಡಲದ ಒತ್ತಡಕ್ಕೆ ಸಮನಾಗಿರುವುದರಿಂದ, ಗಾಳಿಯ ಒತ್ತಡದ ದಿನನಿತ್ಯದ ಏರಿಳಿತವನ್ನೂ ಬೇರೆಯಾಗಿ ಅಳೆದು ಕಳೆಯಬೇಕಾಗುತ್ತದೆ. ಇಂಥ ಸಂವೇದಕವು ಗಂಟೆಗೊಂದು ಅಳತೆಯನ್ನು ದಾಖಲಿಸಿ ಮೊಬೈಲು ಜಾಲದ ಮೂಲಕ ದೂರಕ್ಕೆ ಕಳುಹಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಪಟ್ಟಿ ಬಿಟ್ಟವನಿಗೆ ಕಾಣದಿದ್ದುದು ಇದರ ರೇಖಾಚಿತ್ರದಲ್ಲಿ ಕಾಣುತ್ತದೆ: ಊರಿಗೆ ತ್ರೀ ಫೇಸ್ ಕರೆಂಟು ಬಂದ ಗಳಿಗೆಯಲ್ಲಿ, ಆಟೋ ಸ್ಟಾರ್ಟರು ಹಾಕಿಟ್ಟ ಪಂಪುಗಳೆಲ್ಲ ಒಮ್ಮೆಗೇ ಹೊರಟು, ಹತ್ತಿರದ ಬಾವಿಗಳ ರೇಖೆಗಳು ಒಟ್ಟೊಟ್ಟಿಗೆ ಕೆಳಕ್ಕೆ ಕುಸಿಯುತ್ತವೆ, ಕರೆಂಟು ಹೋದೊಡನೆ ನಿಧಾನವಾಗಿ ಮೇಲೇರುತ್ತವೆ, ಆದರೆ ಹೊರಟ ಎತ್ತರಕ್ಕೆ ಪೂರ್ತಿಯಾಗಿ ಮರಳುವುದಿಲ್ಲ. ಒಂದು ಬಾವಿಯ ಪಂಪು ನಿಂತಿದ್ದ ದಿನವೂ ಅದರ ನೀರು ನೆರೆಯ ಪಂಪಿನೊಡನೆ ಇಳಿದಿದ್ದರೆ, ಇಬ್ಬರ ನೀರೂ ಒಂದೇ ಬಿರುಕಿನದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ. ಈ ರೇಖೆಯನ್ನು ಆ ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತು ನೋಡಬೇಕು; ಬೆಂಗಳೂರಿನ ಕಚೇರಿಯಲ್ಲಿ ಅಧಿಕಾರಿಯೊಬ್ಬನು ನೋಡಿದರೆ ಅದೊಂದು ಅಂಕಿ ಅಂಶ ಮಾತ್ರ.

ಅಳತೆಯನ್ನು ಬಿಟ್ಟು ಆಟದಿಂದಲೇ ಈ ಪಾಠವನ್ನು ಕಲಿಸಿದ ಪ್ರಯೋಗವೂ ಉಂಟು. ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆಯ ರೂತ್ ಮೈನ್‌ಜನ್ ಡಿಕ್ ಮತ್ತು ಸಂಗಡಿಗರು, ಫೌಂಡೇಷನ್ ಫಾರ್ ಇಕಲಾಜಿಕಲ್ ಸೆಕ್ಯೂರಿಟಿ ಎಂಬ ಸಂಸ್ಥೆಯೊಡನೆ ಕೂಡಿ, ಆಂಧ್ರದ ಹಳ್ಳಿಗಳಲ್ಲಿ ಐದೈದು ಮಂದಿಯ ತಂಡಗಳಿಗೆ ಅಂತರ್ಜಲದ ಆಟವನ್ನು ಆಡಿಸಿದರು. ಪ್ರತಿಯೊಂದು ಸುತ್ತಿನಲ್ಲಿಯೂ ಆಟಗಾರನು, ಕಡಿಮೆ ನೀರಿನ ಕಡಿಮೆ ಆದಾಯದ ಬೆಳೆಯನ್ನೋ ಹೆಚ್ಚು ನೀರಿನ ಹೆಚ್ಚು ಆದಾಯದ ಬೆಳೆಯನ್ನೋ ಗುಟ್ಟಾಗಿ ಆರಿಸಬೇಕು. ಐವರೂ ತೆಗೆದದ್ದನ್ನು ಒಟ್ಟು ನೀರಿನಿಂದ ಕಳೆದು, ಮಳೆಯ ಪಾಲನ್ನು ಕೂಡಿಸಿ, ಉಳಿದದ್ದನ್ನು ಎಲ್ಲರಿಗೂ ತಿಳಿಸಲಾಗುತ್ತದೆ. ಮೊದಲು ಮಾತಿಲ್ಲದೆ, ಅನಂತರ ಪರಸ್ಪರ ಮಾತನಾಡಿಕೊಂಡು ಆಡುತ್ತಾರೆ. ಗಂಡಸರ ತಂಡ ಬೇರೆ, ಹೆಂಗಸರ ತಂಡ ಬೇರೆ. ಆಟ ಮುಗಿದ ಮೇಲೆ ಊರಿನ ಸಭೆ ಸೇರಿ ನಡೆದದ್ದನ್ನು ಚರ್ಚಿಸಲಾಯಿತು. ಕೆಲಕಾಲದ ಮೇಲೆ ಮತ್ತೆ ಹೋಗಿ ನೋಡಿದಾಗ, ಆಟವಾಡಿದ ಊರುಗಳಲ್ಲಿ, ಆಡದ ಊರುಗಳಿಗಿಂತ ಹೆಚ್ಚಾಗಿ, ನೀರಿನ ದಾಖಲೆ ಪುಸ್ತಕವನ್ನು ಇಡುವುದೂ ನೀರೆತ್ತುವುದಕ್ಕೆ ನಿಯಮಗಳನ್ನು ಮಾಡಿಕೊಳ್ಳುವುದೂ ಕಂಡುಬಂದಿತು. ಮೂವತ್ತು ವರ್ಷಗಳಲ್ಲಿ ಹಂತಹಂತವಾಗಿ ಘಟಿಸಿದ ಬತ್ತುವಿಕೆಯನ್ನು ಸ್ವಲ್ಪ ಹೊತ್ತಿನ ಆಟವು ಕಣ್ಣೆದುರು ಹಿಡಿಯುತ್ತದೆ. ಬತ್ತಿದ್ದಕ್ಕೆ ಬರವನ್ನಾಗಲಿ ದೈವವನ್ನಾಗಲಿ ದೂರುವ ಅವಕಾಶವನ್ನೂ ಅದು ಉಳಿಸುವುದಿಲ್ಲ.

ಕಲಿಕೆಯಲ್ಲಿ ನೆರೆಯವನ ಪಾತ್ರವೆಷ್ಟು ದೊಡ್ಡದೆಂಬುದಕ್ಕೆ ಕರ್ನಾಟಕದಲ್ಲಿಯೇ ನಡೆದ ಒಂದು ಪರೀಕ್ಷೆಯನ್ನು ಇಲ್ಲಿ ನೆನೆಯಬೇಕು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಮೊದಲಾದ ‘ಡಿಜಿಟಲ್ ಗ್ರೀನ್’ ಎಂಬ ಪ್ರಯತ್ನದಲ್ಲಿ, ರಿಕಿನ್ ಗಾಂಧಿ ಮತ್ತು ಸಂಗಡಿಗರು, ರೈತರು ತಮ್ಮ ಹೊಲದಲ್ಲಿಯೇ ಒಂದು ಕ್ರಮವನ್ನು ಮಾಡಿ ತೋರಿಸುವುದನ್ನು ಚಿತ್ರಿಸಿ, ಸಂಜೆಯ ಹೊತ್ತು ಸುತ್ತಣ ಊರುಗಳ ಗುಂಪುಗಳಿಗೆ ತೋರಿಸಿದರು. ತೋರಿಸುವಾಗ ಊರಿನವನೇ ಆದ ಒಬ್ಬನು ಚಿತ್ರವನ್ನು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದನು, ಸಂದೇಹಗಳನ್ನು ಬರೆದುಕೊಳ್ಳುತ್ತಿದ್ದನು. ಹದಿನಾರು ಗ್ರಾಮಗಳಲ್ಲಿ ಹದಿಮೂರು ತಿಂಗಳು ನಡೆದ ಹೋಲಿಕೆಯಲ್ಲಿ, ಅಧಿಕಾರಿಯು ಬಂದು ಹೇಳಿಹೋಗುವ ಹಳೆಯ ಪದ್ಧತಿಗಿಂತ ಈ ರೀತಿಯಲ್ಲಿ ಕೆಲವು ಕೃಷಿಕ್ರಮಗಳನ್ನು ಅನುಸರಿಸಿದವರು ಏಳು ಪಟ್ಟು ಹೆಚ್ಚೆಂದು ತಿಳಿದುಬಂದಿತು. ಪರದೆಯ ಮೇಲೆ ಕಾಣುವವನು ಯಾವ ಊರಿನವನು, ಅವನಿಗಿರುವ ಹೊಲವೆಷ್ಟು ಎಂಬುದನ್ನೇ ನೋಡುವವರು ಮೊದಲು ವಿಚಾರಿಸುವುದು. ತನ್ನಂಥವನೇ ಮಾಡಿದ್ದಾನೆಂದು ಮನದಟ್ಟಾದ ಹೊರತು ಸಣ್ಣ ಹಿಡುವಳಿಯವನು ಒಂದು ಬೆಳೆಯನ್ನು ಪಣಕ್ಕೊಡ್ಡಲಾರನು. ಅದು ಅವನ ಅಂಜಿಕೆಯಲ್ಲ, ವಿವೇಕ.

ಊರಿನವರ ಅರಿವಿಗೆ ಯಂತ್ರವು ಬದಲಿಯಾಗಲಾರದೆಂಬ ಕಾರಣದಿಂದಲೇ, ಯಾವ ಜಾಗದಲ್ಲಿ ನೀರನ್ನು ಇಂಗಿಸಬೇಕೆಂಬುದನ್ನು ಬಣ್ಣಗಳಿಂದ ಸೂಚಿಸುವ ‘ಕ್ಲಾರ್ಟ್’ ಎಂಬ ಆ್ಯಪನ್ನು ನಾನು ಎಚ್ಚರದಿಂದ ಮೆಚ್ಚುತ್ತೇನೆ. ಶಿಲೆಯ ಜಾತಿ, ಭೂಮಿಯ ಬಿರುಕುಗೆರೆ, ಇಳಿಜಾರು, ಹಳ್ಳಗಳ ಜಾಲ, ಭೂಬಳಕೆ ಇವಿಷ್ಟನ್ನೂ ಒಂದರ ಮೇಲೊಂದು ಹೊದಿಸಿ ತಯಾರಿಸಿದ ಆ ನಕ್ಷೆಯನ್ನು ಹಿಡಿದು ನಿಂತಲ್ಲಿಯೇ, ಉದ್ಯೋಗ ಖಾತರಿಯ ಕೂಲಿಯಿಂದ ತೋಡುವ ಗುಂಡಿಯು ಸಾರ್ಥಕವಾಗುವುದೋ ಇಲ್ಲವೋ ಎಂಬುದನ್ನು ಹೇಳಬಹುದು. ಆದರೆ ಯಾವ ಹಳ್ಳದ ತಿರುವಿನಲ್ಲಿ ನೀರು ಬೇಸಗೆಯಲ್ಲಿಯೂ ಜಿನುಗುತ್ತದೆ, ಗೋಮಾಳದ ಯಾವ ಭಾಗ ಒತ್ತುವರಿಯಾಗಿದೆ ಎಂಬುದು ದನ ಕಾಯುವವನಿಗೆ ಗೊತ್ತು, ಉಪಗ್ರಹಕ್ಕೆ ಗೊತ್ತಿಲ್ಲ. ನಕ್ಷೆಯನ್ನು ಹಿಡಿದವನು ಅವನನ್ನು ಸಂಗಡ ಕರೆದುಕೊಂಡು ಹೋಗಬೇಕು.

ಭಾರತ ಸರಕಾರವು 2019ರ ಡಿಸೆಂಬರ್ 25ರಂದು ವಿಶ್ವಬ್ಯಾಂಕಿನ ಸಹಾಯದಿಂದ ಕೈಗೊಂಡ ಅಟಲ್ ಭೂಜಲ ಯೋಜನೆಯಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಿದ್ದು, ಗ್ರಾಮ ಪಂಚಾಯತಿಯೇ ತನ್ನ ನೀರಿನ ಮುಂಗಡಪತ್ರವನ್ನು ರಚಿಸಬೇಕೆಂಬ ನಿಯಮವನ್ನು ಅದರಲ್ಲಿ ಅಳವಡಿಸಲಾಯಿತು. ಸ್ವಯಂಚಾಲಿತ ಮಾಪಕಗಳೂ ಮಳೆಮಾಪಕಗಳೂ ಹರಿವಿನ ಮೀಟರುಗಳೂ ಹಳ್ಳಿಗಳಿಗೆ ಬಂದುವು. ಆಂಧ್ರದ ಹಳೆಯ ಪ್ರಯತ್ನದ ಸಾರವೇ ಹೀಗೆ ಸರಕಾರಿ ಕ್ರಮವಾಗಿ ಮರಳಿದೆಯೆಂದು ನನಗೆ ಸಂತೋಷ. ಕಳವಳವಿರುವುದು ಒಂದೇ ವಿಷಯದಲ್ಲಿ: ಮಾಪಕದ ಅಂಕಿಯು ಮೊದಲು ರಾಜಧಾನಿಯ ಗಣಕಕ್ಕೆ ಹೋಗಿ, ಅಲ್ಲಿಂದ ವರದಿಯಾಗಿ ಇಳಿದು ಬರುವಷ್ಟರಲ್ಲಿ ಹಿಂಗಾರಿನ ಬಿತ್ತನೆಯೇ ಮುಗಿದಿರಬಹುದು. ಅಂಕಿಯು ಆಯಾ ವಾರದಲ್ಲಿಯೇ ಪಂಚಾಯತಿಯ ಗೋಡೆಯ ಮೇಲೆ, ಹಾಲಿನ ಡೇರಿಯ ಮುಂದೆ, ಕನ್ನಡದ ದೊಡ್ಡ ಅಕ್ಷರಗಳಲ್ಲಿ ಕಾಣಬೇಕು. ಮೀಟರಿನ ಜೊತೆಗೆ ಅಡಿಯ ಲೆಕ್ಕವೂ ಇರಬೇಕು, ಏಕೆಂದರೆ ಬೋರಿನ ಆಳವನ್ನು ನಮ್ಮ ರೈತರು ಎಣಿಸುವುದು ಅಡಿಗಳಲ್ಲಿ. ಸಂವೇದಕದ ಪಕ್ಕದಲ್ಲಿಯೇ ಊರಿನ ಒಬ್ಬ ಹೆಣ್ಣುಮಗಳೋ ಯುವಕನೋ ಪಟ್ಟಿಯನ್ನು ಇಳಿಬಿಟ್ಟು ಯಂತ್ರದ ಅಂಕಿಯನ್ನು ತಾಳೆ ನೋಡುವ ಏರ್ಪಾಡಿರಬೇಕು, ಅವರ ಆ ಕೆಲಸಕ್ಕೆ ಯೋಜನೆಯ ಅವಧಿ ತೀರಿದ ಮೇಲೂ ಪಂಚಾಯತಿಯ ಆಯವ್ಯಯದಿಂದ ಸಂಭಾವನೆ ಸಲ್ಲಬೇಕು. ಮತ್ತು ದಸರೆಯ ಆಸುಪಾಸಿನಲ್ಲಿ, ಹಿಂಗಾರಿನ ಬೀಜವನ್ನು ಇನ್ನೂ ಕೊಳ್ಳದೆ ಇರುವಾಗಲೇ, ಆ ಅಂಕಿಗಳನ್ನು ಓದುವುದಕ್ಕಾಗಿ ಒಂದು ಗ್ರಾಮಸಭೆಯನ್ನು ಕರೆಯಬೇಕು.